ಅಮ್ಮನ ಹೊನಗೊನ್ನೆ ಮಂಡಲ

ನಮ್ಮಮ್ಮನಿಗೆ ಕಣ್ಣಿನ ಡಾಕ್ಟರಿಗಿಂತ ಕೆರೆಯ ಮೇಲೆ ನಂಬಿಕೆ ಹೆಚ್ಚು. ಡಾಕ್ಟರು ನಿನ್ನೆ ಮೊನ್ನೆ ಬಂದವರು, ಕೆರೆ ತಾನು ಹುಟ್ಟುವ ಮೊದಲಿನಿಂದ ಇದೆ ಎನ್ನುವುದು ಅವಳ ವಾದ. ಎರಡೂ ನಿಜವಾದ್ದರಿಂದ ನನಗೆ ಎದುರುತ್ತರ ಸಿಗುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ನನ್ನಂಥವಳಿಗೆ ಎದುರುತ್ತರ ಸಿಗದಿದ್ದರೆ ಪಾತ್ರೆಗಳು ಸದ್ದು ಮಾಡುತ್ತವೆ. ಆ ವರ್ಷ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ಬಹಳ ಸದ್ದು ಮಾಡಿದವು.

ಚಿಕ್ಕಲಸಂದ್ರದ ಮನೆಯಲ್ಲಿ ನಾವಿಬ್ಬರೇ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು, ನಾನು ಮದುವೆಯ ಗೋಜಿಗೆ ಹೋಗಲಿಲ್ಲ. ಅಮ್ಮ ಹುಟ್ಟಿ ಬೆಳೆದ ಹಳ್ಳಿ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಈಗ ಹಳ್ಳಿ ಹೋಗಿ ಲೇಔಟಾಗಿದೆ, ಗದ್ದೆ ಹೋಗಿ ಅಪಾರ್ಟ್‌ಮೆಂಟಾಗಿದೆ, ಉಳಿದದ್ದು ಕೆರೆ ಒಂದೇ. ಅದಕ್ಕೂ ಸುತ್ತ ಬೇಲಿ ಹಾಕಿ, ವಾಕಿಂಗ್ ಟ್ರ್ಯಾಕ್ ಮಾಡಿ, ನೀರಿಗೆ ಇಳಿಯಬಾರದೆಂದು ಬೋರ್ಡು ನೆಟ್ಟಿದ್ದಾರೆ. ಆ ಬೋರ್ಡು ಬರೆದಿರುವುದು ಹೊರಗಿನಿಂದ ಬಂದವರಿಗೆ ಎಂದು ಅಮ್ಮ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿದ್ದಳು. ರಾಜಕಾಲುವೆ ಬಂದು ಕೆರೆ ಸೇರುವ ಮೂಲೆಯಲ್ಲಿ ಬೇಲಿಯ ತಂತಿ ಸಡಿಲವಾಗಿತ್ತು. ಅಲ್ಲಿ ನುಸುಳಿ, ನೀರಿನಂಚಿನಲ್ಲಿ ಕೂತು, ಬಟ್ಟೆಯ ಚೀಲ ತುಂಬ ಹೊನಗೊನ್ನೆ ಸೊಪ್ಪು ಕೊಯ್ದು ತರುವುದು ಅವಳ ಬೆಳಗಿನ ಕೆಲಸ.

ಹೊನಗೊನ್ನೆ ಕಣ್ಣಿಗೆ ಒಳ್ಳೆಯದೆಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ನೀರಿನ ಪಸೆ ಇರುವ ಕಡೆ ನೆಲಕ್ಕೆ ಹಬ್ಬಿ ಬೆಳೆಯುವ ಸೊಪ್ಪು, ಅದರ ಗಂಟು ಗಂಟಿಗೂ ಅಂಟಿಕೊಂಡು ಅಕ್ಕಿನುಚ್ಚಿನಷ್ಟು ಬಿಳಿಯ ಹೂವು ಇರುತ್ತದೆ. ಅಮ್ಮ ಹುಡುಗಿಯಾಗಿದ್ದಾಗ ಕೆರೆಯ ಅಂಚಿಗೆಲ್ಲ ಅದೇ ಇತ್ತಂತೆ. ಅಂಚು ದಾಟಿ ಮೊಣಕಾಲುದ್ದದ ನೀರಿಗೆ ಇಳಿದರೆ ಅಡಿಯಲ್ಲಿ ಬೇರೆಯದೇ ಒಂದು ತೋಟ. ನೀರೊಳಗೆ ಮುಳುಗಿಕೊಂಡೇ ಬದುಕುವ ಉದ್ದೆಲೆಯ ಗಿಡಗಳು, ಅವುಗಳ ನಡುವೆ ಸಣ್ಣ ಮೀನು. “ನೀರು ಅಂದ್ರೆ ಅದು ಕಣೇ. ಕಾಲುಂಗುರ ಬಿದ್ರೆ ನಿಂತಲ್ಲಿಂದ್ಲೇ ಕಾಣೋದು” ಎನ್ನುತ್ತಿದ್ದಳು. ನಾನು ಚಿಕ್ಕವಳಿದ್ದಾಗಲೂ ಆ ತೋಟ ಅಲ್ಲಲ್ಲಿ ಉಳಿದಿತ್ತು. ಅಮ್ಮನ ಸೆರಗು ಹಿಡಿದು ಬಗ್ಗಿ ನೋಡಿದ್ದು ನೆನಪಿದೆ.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಅಮ್ಮ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳು. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಭುಜ, ಅದೇ ಚೌಕಟ್ಟು. ಬಡಿಸುವಾಗ ಸಾರು ತಟ್ಟೆಯಾಚೆ ಬಿತ್ತು. ಜಗಳವಾಡಿ ಜಯನಗರದ ಒಂದು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಯಂತ್ರದ ಮೇಲೆ ಗದ್ದ ಇಡಿಸಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ನನ್ನ ಮುಖ ನೋಡಿಕೊಂಡೇ ಅಮ್ಮನಿಗೆ ಹೇಳಿದರು.

“ಅಮ್ಮಾ, ಇದು ಗ್ಲಾಕೋಮಾ. ಕಣ್ಣೊಳಗೆ ಪ್ರೆಶರ್ ಜಾಸ್ತಿಯಾಗಿ ನರ ಸಾಯ್ತಾ ಇದೆ. ಪಕ್ಕದ ನೋಟ ಆಗ್ಲೇ ತುಂಬಾ ಹೋಗಿದೆ, ಹೋಗಿದ್ದು ವಾಪಸ್ ಬರಲ್ಲ. ಡ್ರಾಪ್ಸ್ ಒಂದೇ ಸಾಲಲ್ಲ, ಆಪರೇಷನ್ ಮಾಡಿ ಉಳಿದಿರೋದನ್ನ ಉಳಿಸ್ಕೊಳ್ಳೋಣ. ದಯವಿಟ್ಟು ತಡ ಮಾಡ್ಬೇಡಿ.”

ಅಮ್ಮ ದೇವಸ್ಥಾನದಲ್ಲಿ ಪುರಾಣ ಕೇಳುವವಳಂತೆ ತಲೆಯಾಡಿಸಿದಳು. ಆಟೋ ಹತ್ತಿದ ಮೇಲೆ ಬಾಯಿ ಬಿಟ್ಟಳು.

“ಕತ್ತರಿ ತಾಗಿದ ಕಣ್ಣು ಕಣ್ಣಲ್ಲ. ನಮ್ಮವ್ವ ಸಾಯೋ ತನಕ ಸೂಜಿಗೆ ತಾನೇ ದಾರ ಪೋಣಿಸ್ತಿದ್ಲು. ಅವಳು ಯಾವ ಆಪರೇಷನ್ ಮಾಡಿಸ್ಕೊಂಡಿದ್ಲು? ಒಂದು ಮಂಡಲ ಬಿಡದೆ ಹೊನಗೊನ್ನೆ ತಿಂತೀನಿ. ಆಮೇಲೂ ಹಾಗೇ ಇದ್ರೆ ನೋಡೋಣ.”

“ಅಮ್ಮ, ಡಾಕ್ಟರು ತಡ ಮಾಡ್ಬೇಡಿ ಅಂದ್ರು.”

“ಹಿತ್ತಲ ಗಿಡ ಮದ್ದಲ್ಲ ಅನ್ನೋ ಜಾತಿ ನೀನು.”

ಹೀಗೆ ನಮ್ಮ ಮನೆಯಲ್ಲಿ ಮಂಡಲ ಶುರುವಾಯಿತು. ಮಂಡಲ ಎಂದರೆ ನಲವತ್ತೆಂಟು ದಿನ, ನಡುವೆ ಒಂದು ದಿನವೂ ತಪ್ಪಬಾರದು. ಒಂದು ದಿನ ಪಲ್ಯ, ಒಂದು ದಿನ ಮಸ್ಸೊಪ್ಪು, ಒಂದು ದಿನ ಬಸ್ಸಾರು, ಮತ್ತೆ ಪಲ್ಯ. ಡ್ರಾಪ್ಸು ಉರಿಯುತ್ತದೆಂದು ಮುಖ ತಿರುಗಿಸುತ್ತಿದ್ದವಳು ಸೊಪ್ಪನ್ನು ಮಾತ್ರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು. ಮಂಡಲ ಮುಗಿಯುತ್ತ ಬಂತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಕುಮಾರಸ್ವಾಮಿ ಲೇಔಟಿನ ನೆಂಟರ ಗೃಹಪ್ರವೇಶ ಬಂತು. ಅಲ್ಲಿ ಒಬ್ಬಟ್ಟು ತಿಂದು, ಹೊಟ್ಟೆ ಭಾರವೆಂದು ರಾತ್ರಿಯೂ ಉಪವಾಸ ಮಲಗಿದಳು. ಬೆಳಗ್ಗೆ ಎದ್ದು, “ಮಂಡಲ ಮುರೀತು, ಮೊದಲಿಂದ ಶುರು ಮಾಡ್ಬೇಕು” ಎಂದಳು. ನನಗೆ ಸಿಟ್ಟಿಗಿಂತ ಭಯವಾಯಿತು. ಅಷ್ಟರಲ್ಲಿ ಅವಳು ಪಕ್ಕದಲ್ಲಿಟ್ಟ ನೀರಿನ ಲೋಟವನ್ನು ಕೈಯಾಡಿಸಿ ಹುಡುಕಲು ಶುರು ಮಾಡಿದ್ದಳು.

ನಾನು ಬಿಟಿಎಂ ಲೇಔಟಿನಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಪಾರ್ಟ್‌ಮೆಂಟಿನವರ ಬೋರ್‌ವೆಲ್ ನೀರು, ಪಿಜಿಗಳ ಸಂಪಿನ ನೀರು, ಯಾರದೋ ಕಾರ್ಖಾನೆಯ ನೀರು ಬಾಟಲಿಯಲ್ಲಿ ಬರುತ್ತದೆ. ಅದರಲ್ಲಿ ಏನೇನಿದೆ ಎಂದು ಹೇಳುವುದು ನನ್ನ ಅನ್ನ. ಗಿಡಗಳ ವಿಷಯ ನನಗೆ ಗೊತ್ತಿಲ್ಲ. ಸೊಪ್ಪು ಎಂದರೆ ಅಮ್ಮ ತಂದದ್ದು, ಬೆಂದ ಮೇಲೆ ಎಲ್ಲ ಒಂದೇ. ಆದರೆ ಎರಡನೆಯ ಮಂಡಲದಲ್ಲಿ ಒಂದು ಬೆಳಗ್ಗೆ ಅವಳ ಹಿಂದೆಯೇ ಕೆರೆಗೆ ಹೋಗಿ, ಅವಳು ಕೊಯ್ಯುವ ಜಾಗ ನೋಡಿ ನನ್ನ ಎದೆ ಧಸಕ್ಕೆಂದಿತು. ರಾಜಕಾಲುವೆಯಿಂದ ಕಪ್ಪು ನೀರು ಸೋಪಿನ ನೊರೆ ಹೊತ್ತು ಬಂದು ಬೀಳುತ್ತಿತ್ತು. ಅಲ್ಲೇ ಪಕ್ಕದಲ್ಲಿ ಕೂತು ಅಮ್ಮ ಕೊಯ್ಯುತ್ತಿದ್ದಳು. ಸೊಪ್ಪು ದಷ್ಟಪುಷ್ಟವಾಗಿತ್ತು.

“ನೋಡು, ಹೆಂಗೆ ಬೆಳೆದೈತೆ! ನಮ್ಮ ಕಾಲದಲ್ಲಿ ಇಷ್ಟು ಇರ್ಲಿಲ್ಲ. ಗಂಗಮ್ಮ ನನಗೋಸ್ಕರ ಕೊಡ್ತಾವಳೆ” ಎಂದಳು.

ಒಂದು ಬಾಟಲಿ ನೀರು ತುಂಬಿಕೊಂಡು ಲ್ಯಾಬಿಗೆ ಹೋದೆ. ಸೋಪು, ಚರಂಡಿಯಿಂದ ನೀರಿಗೆ ಸೇರುವ ಫಾಸ್ಫೇಟ್ ನೋಡುವ ಪರೀಕ್ಷೆಯಲ್ಲಿ ದ್ರಾವಣ ಹಾಕಿದರೆ ನೀರು ನೀಲಿಗೆ ತಿರುಗುತ್ತದೆ. ಫಾಸ್ಫೇಟ್ ಕಡಿಮೆ ಇದ್ದರೆ ತಿಳಿನೀಲಿ, ಹೆಚ್ಚಿದ್ದರೆ ಗಾಢ. ಅಂದು ಬಂದ ನೀಲಿಯನ್ನು ನೋಡಿ ಪಕ್ಕದ ಟೇಬಲ್ಲಿನ ಗೆಳತಿ, “ಇದೇನೇ, ಇಂಕು ತಂದಿದ್ದೀಯಾ?” ಎಂದಳು. ಅವಳು ಕರಾವಳಿಯ ಕಡೆಯವಳು. ಕೆರೆಯ ಕಥೆ ಹೇಳಿದಾಗ ಅವಳ ನಗು ನಿಂತಿತು. ಅವಳ ಊರಿನಲ್ಲಿ ಹೊಳೆ ಸಮುದ್ರ ಸೇರುವ ಕಡೆ, ಮೊಣಕಾಲುದ್ದದ ಉಪ್ಪುನೀರಿನ ಅಡಿಯಲ್ಲಿ ಹುಲ್ಲುಗಾವಲೇ ಇತ್ತಂತೆ. ಸಿಗಡಿ, ಸಣ್ಣ ಮೀನು ಮರಿ ಮಾಡುತ್ತಿದ್ದದ್ದು ಅದರೊಳಗೆ. ಪೇಟೆಯ ಚರಂಡಿ, ಗದ್ದೆಯ ಗೊಬ್ಬರ, ಸಿಗಡಿ ಸಾಕುವ ಹೊಂಡದ ಕೊಳೆ ಎಲ್ಲ ಬಂದು ಸೇರಿದ ಮೇಲೆ ಹುಲ್ಲಿನ ಎಲೆಗಳ ಮೇಲೆ ಲೋಳೆ ಕಟ್ಟಿತಂತೆ. ನೀರು ಕದಡಿ, ಬಿಸಿಲು ಅಡಿಗೆ ಇಳಿಯದೆ ಹುಲ್ಲು ಕೊಳೆತುಹೋಯಿತು. ಈಗ ಅಲ್ಲಿ ಹಸಿರು ಚಿಂದಿಬಟ್ಟೆಯಂಥ ಪಾಚಿ ತೇಲುತ್ತದೆ.

“ದೂರದಿಂದ ನೋಡಿದ್ರೆ ಮೊದಲಿಗಿಂತ ಹಸಿರಾಗಿಯೇ ಕಾಣುತ್ತೆ. ಅದೇ ಮೋಸ” ಎಂದಳು ಗೆಳತಿ.

ನಮ್ಮ ಕೆರೆಯಲ್ಲೂ ಆದದ್ದು ಅದೇ ಎಂದು ನನಗೆ ಆಗ ಹೊಳೆಯಿತು. ನಾವೆಲ್ಲ ಬಟ್ಟೆ ಒಗೆದ ನೀರು, ಬಚ್ಚಲ ನೀರು, ಕಕ್ಕಸಿನ ನೀರು, ಎಲ್ಲವೂ ಗಿಡಕ್ಕೆ ಗೊಬ್ಬರವೇ. ಆದರೆ ಅತಿಯಾದರೆ ಅಮೃತವೂ ವಿಷ. ಗೊಬ್ಬರ ಹೆಚ್ಚಾದಾಗ ಮೊದಲು ಕೊಬ್ಬುವುದು ಮೇಲೆ ತೇಲುವ ಪಾಚಿ. ಅದು ಬಿಸಿಲನ್ನೆಲ್ಲ ತಾನೇ ನುಂಗಿ ಅಡಿಯ ತೋಟಕ್ಕೆ ಕತ್ತಲು ಮಾಡುತ್ತದೆ. ಮುಳುಗಿ ಬದುಕುವ ಗಿಡ ಕತ್ತಲಲ್ಲಿ ಸಾಯುತ್ತದೆ. ಅದು ಕೊಳೆತು ಮತ್ತೆ ಗೊಬ್ಬರವಾಗುತ್ತದೆ. ಆಮೇಲೆ ಆ ಗೊಬ್ಬರ ಉಂಡು, ದಡದಿಂದ ನೀರಿನ ಮೇಲಕ್ಕೆ ಚಾಪೆಯಂತೆ ಹಾಸಿಕೊಳ್ಳುವ ಹೊಟ್ಟೆಬಾಕ ಗಿಡಗಳು ಬರುತ್ತವೆ. ನಿಧಾನವಾಗಿ ಬೆಳೆಯುವ, ಕಡಿಮೆ ಉಂಡು ಬದುಕುವ ಸಭ್ಯ ಗಿಡಗಳಿಗೆ ಜಾಗವೇ ಇರುವುದಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಆ ನೀರಲ್ಲಿ ಬೆಳೆದದ್ದು ತಿನ್ನಬೇಡ, ಕಣ್ಣಿನ ಜೊತೆ ಹೊಟ್ಟೆಯೂ ಹೋಗುತ್ತದೆ ಎಂದು ಕೂಗಾಡಿದೆ.

“ಮೂರು ಸಲ ಉಪ್ಪುನೀರಲ್ಲಿ ತೊಳೀತೀನಿ” ಎಂದಳು.

“ತೊಳೆದ್ರೆ ಹೋಗಲ್ಲ ಅಮ್ಮ, ಒಳಗೇ ಇರುತ್ತೆ.”

“ನಿನ್ನ ಬಾಟ್ಲಿ ನೀಲಿಯಾದ್ರೆ ನನ್ನ ಮಂಡಲ ನಿಲ್ಲಲ್ಲ. ಹೋಗೇ.”

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರಾದರೂ ಆಪರೇಷನ್ ಮಾಡಿಸಿಕೊಳ್ಳುತ್ತಾರಾ ಎಂದು ಅವಳಿಗೆ ಇನ್ನೊಂದು ನೆಪ ಸಿಕ್ಕಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಎರಡೂ ಸಲ ನಾನೇ ಏನೋ ಹೇಳಿ ತಪ್ಪಿಸಿಕೊಂಡೆ. ಅವಳ ಕೈಕಾಲು ಕಟ್ಟಿ ಹೊತ್ತುಕೊಂಡು ಹೋಗಲು ಸಾಧ್ಯವಿರಲಿಲ್ಲ. ಆದರೆ ರಸ್ತೆ ದಾಟುವಾಗ ಅವಳಿಗೆ ಪಕ್ಕದಿಂದ ಬರುವ ಬೈಕು ಕಾಣುವುದಿಲ್ಲ ಎಂದು ನೆನೆಸಿಕೊಂಡರೆ ಕೆಲಸದ ನಡುವೆ ಎದ್ದು ಹೋಗಿ ಮನೆಗೆ ಫೋನ್ ಮಾಡುತ್ತಿದ್ದೆ.

ಒಂದು ಸಂಜೆ ಸೊಪ್ಪು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊರದ ತುಂಬ ಹರಡಿಕೊಂಡು ಕೂತೆ. ಒಂದು ಕಡ್ಡಿಯ ತುದಿಯಲ್ಲಿ ಹೂವಿತ್ತು, ಬಿಳಿಯ ಸಣ್ಣ ಚೆಂಡಿನಂಥ ಹೂವು. ಅದು ಗಂಟಿಗೆ ಅಂಟಿಕೊಂಡಿರಲಿಲ್ಲ. ಬೆರಳುದ್ದದ ತೊಟ್ಟಿನ ಮೇಲೆ ತಲೆಯೆತ್ತಿ ನಿಂತಿತ್ತು. ಕಡ್ಡಿ ಮುರಿದರೆ ಒಳಗೆ ಪೊಳ್ಳು, ಪೆಪ್ಪರ್‌ಮೆಂಟಿನ ಕಡ್ಡಿಯ ಹಾಗೆ. ಹೊನಗೊನ್ನೆಯ ಹೂವನ್ನು ಚಿಕ್ಕಂದಿನಲ್ಲಿ ಅಮ್ಮನೇ ನನಗೆ ತೋರಿಸಿದ್ದಳು, ಗಂಟು ಗಂಟಿಗೂ ಅಂಟಿರಬೇಕು ಎಂದು. ಫೋಟೋ ತೆಗೆದು ಗೆಳತಿಗೆ ಕಳಿಸಿದೆ. ಅವಳು ಯಾರನ್ನೋ ಕೇಳಿ ತಿಳಿಸಿದಳು. ಅದು ಹೊನಗೊನ್ನೆಯ ದಾಯಾದಿ, ಹೊರದೇಶದಿಂದ ಬಂದ ಕಳೆ, ಅಲಿಗೇಟರ್ ವೀಡ್ ಎನ್ನುತ್ತಾರಂತೆ. ಕೊಳೆ ನೀರೆಂದರೆ ಅದಕ್ಕೆ ಹಬ್ಬವಂತೆ, ನೀರಿನಲ್ಲಿರುವ ಕೆಟ್ಟದ್ದನ್ನೆಲ್ಲ ಹೀರಿಕೊಳ್ಳುತ್ತದಂತೆ. ನೋಡಲು ಹೊನಗೊನ್ನೆಯ ಹಾಗೆಯೇ ಇರುವುದರಿಂದ ಎಷ್ಟೋ ಜನ ಮೋಸ ಹೋಗುತ್ತಾರಂತೆ.

ಎಷ್ಟೋ ಜನ ಹೋಗಲಿ. ಕೆರೆಯಂಚಿನಲ್ಲೇ ಹುಟ್ಟಿ, ಜೀವಮಾನವಿಡೀ ಹೊನಗೊನ್ನೆ ಕೊಯ್ದ ನಮ್ಮಮ್ಮ ಹೇಗೆ ಮೋಸ ಹೋದಳು? ಮೊರದ ಮುಂದೆ ಕೂತೇ ನನಗೆ ಉತ್ತರ ತಿಳಿಯಿತು. ನೇರ ಕಣ್ಣೆದುರಿಗೆ ಹಿಡಿಯದ ಹೊರತು ಅವಳಿಗೆ ಹೂವು ಕಾಣುತ್ತಿರಲಿಲ್ಲ. ಅವಳು ಕೈ ಅಭ್ಯಾಸದಿಂದ, ಜಾಗದ ನೆನಪಿನಿಂದ ಕೊಯ್ಯುತ್ತಿದ್ದಳು. ಹೊನಗೊನ್ನೆ ಇದ್ದ ಜಾಗದಲ್ಲಿ ಈಗ ಬೇರೆಯದು ಕೂತಿತ್ತು. ಕಣ್ಣು ಉಳಿಸಿಕೊಳ್ಳಲೆಂದು ತಿಂಗಳುಗಟ್ಟಲೆ ಚರಂಡಿ ಉಂಡು ಬೆಳೆದ ಕಳೆ ತಿಂದಿದ್ದಳು. ಇದನ್ನು ಅವಳಿಗೆ ಹೇಳುವುದು ಹೇಗೆ ಎಂದು ತೋಚಲಿಲ್ಲ. ಸೊಪ್ಪನ್ನು ಕಸದ ಬುಟ್ಟಿಗೆ ಹಾಕಿ, ಕೊಳೆತಿತ್ತು ಎಂದು ಸುಳ್ಳು ಹೇಳಿದೆ. ಅವಳಿಗೆ ಕೆಂಡಾಮಂಡಲ ಕೋಪ ಬಂತು. ಮಂಡಲ ಮತ್ತೆ ಮುರಿಯಿತಲ್ಲ.

ಮಾರನೆಯ ಬೆಳಗ್ಗೆ ಎದ್ದಾಗ ಬಟ್ಟೆಯ ಚೀಲ ಮೊಳೆಯಲ್ಲಿರಲಿಲ್ಲ, ಅಮ್ಮನೂ ಇರಲಿಲ್ಲ. ಹಿಂದಿನ ದಿನ ಜೋರು ಮಳೆ ಬಂದಿತ್ತು. ಸ್ಕೂಟರ್ ತೆಗೆದುಕೊಂಡು ಹೊರಟೆ. ಬೇಲಿಯ ಸಡಿಲ ತಂತಿಯ ಹತ್ತಿರ ಅವಳ ಚಪ್ಪಲಿಗಳು ಒಂದರ ಪಕ್ಕ ಒಂದು ನೀಟಾಗಿ ಕೂತಿದ್ದವು. ಅವಳು ಮಾತ್ರ ದಡದಲ್ಲಿರಲಿಲ್ಲ.

ಹಸಿರು ದಡ ಮುಂದಕ್ಕೆ ಹಾಸಿಕೊಂಡು ಹೋಗಿತ್ತು. ಎಲ್ಲಿ ನೆಲ ಮುಗಿದು ಎಲ್ಲಿ ನೀರು ಶುರುವಾಗುತ್ತದೆ ಎಂದು ನನ್ನ ಒಳ್ಳೆಯ ಕಣ್ಣಿಗೂ ಗೊತ್ತಾಗಲಿಲ್ಲ. ಆ ಹಸಿರಿನ ನಡುವೆ, ದಡದಿಂದ ಕೈಗೆ ನಿಲುಕದಷ್ಟು ಒಳಗೆ, ಅಮ್ಮ ಸೊಂಟದವರೆಗೆ ಹೂತು ನಿಂತಿದ್ದಳು. ಒಂದು ಕೈಯಲ್ಲಿ ಚೀಲ ಎತ್ತಿ ಹಿಡಿದಿದ್ದಳು.

“ಅಮ್ಮಾ!”

“ಕಿರುಚ್ಬೇಡ. ನೆಲ ಅಂದ್ಕೊಂಡು ಕಾಲಿಟ್ಟೆ. ಎಲ್ಲಿದ್ದೀಯೇ?”

ನಾನು ಅವಳ ಎಡಗಡೆ, ಜೋರಾಗಿ ಮಾತಾಡುವ ಅಗತ್ಯವೂ ಇಲ್ಲದಷ್ಟು ಹತ್ತಿರ ನಿಂತಿದ್ದೆ. ಅವಳು ಎದುರಿಗಿದ್ದ ಖಾಲಿ ನೀರಿನ ಕಡೆ ನೋಡುತ್ತ ನನ್ನನ್ನು ಹುಡುಕುತ್ತಿದ್ದಳು. ಅವಳ ಲೋಕ ಎಷ್ಟು ಕಿರಿದಾಗಿದೆ ಎಂದು ನಾನು ಮೊದಲ ಸಲ ಕಣ್ಣಾರೆ ಕಂಡೆ.

“ಎಡಕ್ಕೆ ತಿರುಗು ಅಮ್ಮ. ಕಾಲು ಎತ್ತಬೇಡ, ಬರೀ ಮುಖ ತಿರುಗಿಸು.”

ಅವಳು ತಿರುಗಿದಳು. ತಿರುಗುತ್ತಲೇ ಇನ್ನಷ್ಟು ಇಳಿದಳು, ಎದೆಯವರೆಗೆ. ಗಿಡದ ಚಾಪೆ ಅವಳ ಸುತ್ತ ಮುಚ್ಚಿಕೊಂಡಿತು. ನಾನು ಇಳಿಯಲು ಹೋದೆ. ಅಷ್ಟರಲ್ಲಿ ಟ್ರ್ಯಾಕಿನ ಕಡೆಯಿಂದ ಕೆರೆಯ ವಾಚ್‌ಮನ್, “ಇಳೀಬೇಡಿ ಮೇಡಂ, ಇಬ್ರೂ ಹೋಗ್ತೀರಾ!” ಎಂದು ಕೂಗುತ್ತ ಓಡಿ ಬಂದರು. ಕಸ ಎಳೆಯುವ ಉದ್ದನೆಯ ಬಿದಿರು ಅವರ ಕೈಯಲ್ಲಿತ್ತು. ನಾವಿಬ್ಬರೂ ಕೆಸರಿನಲ್ಲಿ ಬೋರಲು ಮಲಗಿ ಅದನ್ನು ಚಾಪೆಯ ಮೇಲೆ ತಳ್ಳಿದೆವು. ಬಿದಿರು ಅವಳ ಭುಜಕ್ಕೆ ತಾಗುವಷ್ಟು ಹತ್ತಿರ ಹೋದರೂ ಅವಳ ಕೈ ಬೇರೆಲ್ಲೋ ಗಾಳಿಯಲ್ಲಿ ಆಡುತ್ತಿತ್ತು.

“ಬಲಗೈ ಅಮ್ಮ, ಇನ್ನೂ ಕೆಳಗೆ. ಚೀಲ ಬಿಡು!”

“ಸೊಪ್ಪು ಐತೆ ಕಣೇ.”

“ಹಾಳಾಗ್ಲಿ ಆ ಸೊಪ್ಪು! ಬಿಡೂ!”

ಚೀಲ ಬಿಟ್ಟಳು. ಕೈ ಬಿದಿರನ್ನು ಹಿಡಿಯಿತು. ಎಳೆದೆವು. ಹಸಿರು ಚಾಪೆ ಹರಿದು ಕಪ್ಪು ನೀರು ತೆರೆದುಕೊಂಡಿತು, ಕೊಳೆತ ಮೊಟ್ಟೆಯ ನಾತ ಬಂತು. ಅಮ್ಮ ಸೀರೆ, ಕೆಸರು, ಬೇರುಗಳ ಸಮೇತ ದಡಕ್ಕೆ ಬಂದು ಬಿದ್ದಳು. ನಾನು ಅವಳನ್ನು ತಬ್ಬಿಕೊಂಡು, ಬೈದು, ಮತ್ತೆ ತಬ್ಬಿಕೊಂಡು ಅತ್ತೆ. ವಾಚ್‌ಮನ್ ತಮ್ಮ ಟೀ ಫ್ಲಾಸ್ಕನ್ನೇ ತಂದುಕೊಟ್ಟರು.

ಉಸಿರು ತಹಬಂದಿಗೆ ಬಂದ ಮೇಲೆ ಅವಳ ಕೊರಳಿಗೆ ಸುತ್ತಿಕೊಂಡಿದ್ದ ಒಂದು ಬಳ್ಳಿಯನ್ನು ಬಿಡಿಸಿ ಅವಳ ಕೈಯಲ್ಲೇ ಇಟ್ಟೆ. ಅವಳು ಅದನ್ನು ಎರಡು ಬೆರಳ ನಡುವೆ ಒತ್ತಿದಳು, ಅದು ಟಪ್ಪೆಂದು ಒಡೆಯಿತು. ಇನ್ನೊಂದು ಕಡೆ ಒತ್ತಿದಳು, ಅಲ್ಲೂ ಪೊಳ್ಳು. ಆಮೇಲೆ ಹೂವನ್ನು ಹುಡುಕಿ, ಅದರ ತೊಟ್ಟಿನ ಮೇಲೆ ಬೆರಳು ಮೇಲಿನಿಂದ ಕೆಳಗೆ ಎಳೆದಳು.

“ಇದು ಹೊನಗೊನ್ನೆ ಅಲ್ಲ” ಎಂದಳು.

“ಅಲ್ಲ.”

“ಯಾವತ್ತಿಂದ ಇದನ್ನೇ ತಿಂತಿದ್ದೀನಿ?”

“ಗೊತ್ತಿಲ್ಲ ಅಮ್ಮ.”

“ನಂಗೆ ಕಾಣ್ಲಿಲ್ಲ ಕಣೇ” ಎಂದಳು. ಆ ಒಂದು ಮಾತನ್ನು ಅವಳ ಬಾಯಿಂದ ಹೊರಡಿಸಲು ನಾನು ಯುಗಾದಿಯಿಂದ ಜಗಳವಾಡಿದ್ದೆ. ಈಗ ಅದು ಬಂದಾಗ ಕೇಳಲಾಗಲಿಲ್ಲ. “ಆಷಾಢ ಆದ್ರೆ ಆಗ್ಲಿ. ಆ ಡಾಕ್ಟರಮ್ಮಂಗೆ ಫೋನ್ ಮಾಡು.”

ಆಷಾಢದಲ್ಲೇ ಆಪರೇಷನ್ ಆಯಿತು, ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. ಹೋದದ್ದು ಬರುವುದಿಲ್ಲ, ಇರುವುದು ಉಳಿದರೆ ಅದೇ ದೊಡ್ಡದು ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿ ಕಳಿಸಿದರು. ಉಳಿಯಿತೋ ಇಲ್ಲವೋ ಎಂದು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅವಳು ಲೋಟ ಹುಡುಕುವ ರೀತಿ, ಬಾಗಿಲು ದಾಟುವ ರೀತಿ ಎಲ್ಲ ಗಮನಿಸುತ್ತಿದ್ದೆ. ಅವಳಿಗೂ ಅದೇ ಹೆದರಿಕೆ ಇತ್ತು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ದಸರಾ ಹತ್ತಿರ ಬಂದಾಗ, ಕೆರೆಗೆ ಕರೆದುಕೊಂಡು ಹೋಗು ಎಂದಳು. ಬೇಡವೆಂದರೂ ಕೇಳಲಿಲ್ಲ. ಈ ಸಲ ಗೇಟಿನಿಂದಲೇ ಹೋದೆವು. ಅವಳು ಬಿದ್ದ ಮೂಲೆಯಲ್ಲಿ ಯಂತ್ರದ ದೋಣಿ ತಂದು ಹಸಿರು ಚಾಪೆಯನ್ನು ಎಳೆದು ದಡಕ್ಕೆ ರಾಶಿ ಹಾಕಿದ್ದರು. ನೀರು ಬಯಲಾಗಿತ್ತು. ರಾಜಕಾಲುವೆ ಮಾತ್ರ ಎಂದಿನಂತೆ ನೊರೆ ತಂದು ಸುರಿಯುತ್ತಿತ್ತು. ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ನಿಂತು, ಎದುರು ದಡದ ನೀರಿನ ಟ್ಯಾಂಕು, ಬೆಂಚಿನ ಮೇಲಿದ್ದ ಕೆಂಪು ಸೀರೆಯವಳು, ತಂತಿಯ ಮೇಲೆ ಕೂತಿದ್ದ ಮಿಂಚುಳ್ಳಿ, ಒಂದೊಂದನ್ನೇ ಹೇಳುತ್ತ ಬಂದಳು. ಎಲ್ಲ ಸರಿಯಾಗಿತ್ತು. ನನಗೆ ಎದೆಯ ಭಾರ ಇಳಿದಂತಾಯಿತು.

ಆಮೇಲೆ ಬಗ್ಗಿ ಕಾಲ ಬುಡದ ನೀರು ನೋಡಿದಳು. ಮೊಣಕಾಲುದ್ದವೂ ಇಲ್ಲದ ನೀರು. ಬಗ್ಗಿದವಳು ಬಗ್ಗಿಯೇ ಇದ್ದಳು. ನನ್ನ ತೋಳಿನ ಮೇಲಿದ್ದ ಅವಳ ಹಿಡಿತ ಬಿಗಿಯಾಯಿತು.

“ನೀರೊಳಗೆ ಏನೂ ಕಾಣ್ತಿಲ್ಲ ಕಣೇ” ಎಂದಳು. “ಮೇಲಿರೋದೆಲ್ಲ ಕಾಣುತ್ತೆ. ಒಳಗೆ ಗಿಡ ಇಲ್ಲ, ಮಣ್ಣಿಲ್ಲ, ಬರೀ ಮಬ್ಬು. ಆಪರೇಷನ್ ಕೆಟ್ಟೋಯ್ತಾ?”

ನಾನು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಖ ನೀರಿಗೆ ಹತ್ತಿರ ತಂದು ನೋಡಿದೆ. ಬಟಾಣಿ ಬೇಯಿಸಿದ ನೀರಿನಂಥ ಹಸಿರು. ಅದರಾಚೆ ಏನೂ ಇಲ್ಲ. ಕೈ ಅದ್ದಿದೆ, ಮಣಿಕಟ್ಟು ಮುಳುಗುವಷ್ಟರಲ್ಲಿ ನನ್ನ ಬೆರಳುಗಳು ನನಗೇ ಕಾಣಲಿಲ್ಲ.

“ನಂಗೂ ಏನೂ ಕಾಣ್ತಿಲ್ಲ ಅಮ್ಮ” ಎಂದೆ.

“ನಿಜವಾಗ್ಲೂ?”

“ನಿನ್ನಾಣೆ.”

“ಸದ್ಯ!” ಎಂದಳು. ತಡೆದಿಟ್ಟುಕೊಂಡಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟು, ನಕ್ಕು, ಕೈಮುಗಿದಳು. “ಸದ್ಯ, ನನ್ನ ಕಣ್ಣು ಚೆನ್ನಾಗೈತೆ.”

ಮುಗಿದ ಕೈ ಹಾಗೇ ಇತ್ತು. ನಗು ನಿಧಾನವಾಗಿ ಮುಖದಿಂದ ಇಳಿಯಿತು. ಅವಳು ಮತ್ತೆ ಬಗ್ಗಿ, ಒಂದು ಕಾಲದಲ್ಲಿ ಕಾಲುಂಗುರ ಬಿದ್ದರೂ ಕಾಣುತ್ತಿದ್ದ ಆ ನೀರಿನೊಳಗೆ ನೋಡಿದಳು.